ಕಲ್ಲು ಹಾಕುವ ಮೊದಲು ಕಡಲು ಅಳೆಯಿರಿ: ತೀರದ ಊರಿಗೆ 30 ವರ್ಷದ ಯೋಜನೆ ಮಾಡುವುದು ಹೇಗೆ?

ಜುಲೈ ಬಂತೆಂದರೆ ಕರಾವಳಿಯಲ್ಲಿ ಒಂದೇ ಕಥೆ. ನಾಲ್ಕು ತೆಂಗಿನ ಮರ ಕಡಲಿಗೆ ಉರುಳುತ್ತವೆ. ರಸ್ತೆಯ ಅಂಚು ಕುಸಿಯುತ್ತದೆ. ಟಿವಿ ಕ್ಯಾಮೆರಾ ಬರುತ್ತದೆ, ಹಿಂದೆಯೇ ಜನಪ್ರತಿನಿಧಿಗಳ ಕಾರು ಬರುತ್ತದೆ, ಅದರ ಹಿಂದೆ ಕಪ್ಪು ಕಲ್ಲು ತುಂಬಿದ ಟಿಪ್ಪರ್ ಬರುತ್ತದೆ. ಅಕ್ಟೋಬರ್‌ನಲ್ಲಿ ಕಡಲು ತಣ್ಣಗಾಗುತ್ತದೆ, ಮರಳು ವಾಪಸ್ ಬರುತ್ತದೆ, ಎಲ್ಲರೂ ಮರೆಯುತ್ತಾರೆ. ಮುಂದಿನ ಜುಲೈಗೆ ಮತ್ತೆ ಅದೇ.

ನಾನು ಕುಂದಾಪುರ ಕಡೆಯವನು. ಈ ಆಟ ನೋಡಿ ನೋಡಿ ಸಾಕಾಗಿದೆ. ಹಾಗಾಗಿ ಪಂಚಾಯತ್ ಸದಸ್ಯರಿಗೆ, ಮೀನುಗಾರರ ಸೊಸೈಟಿಗೆ, ಯುವಕ ಮಂಡಲದವರಿಗೆ, ಶಾಲೆ ಮೇಷ್ಟ್ರಿಗೆ ಕೈಗೆ ಸಿಗುವ ಹಾಗೆ ಒಂದು ಕ್ರಮ ಬರೆದಿದ್ದೇನೆ. ಇದರಿಂದ ಎಂಜಿನಿಯರ್ ಕೆಲಸವನ್ನು ನೀವೇ ಮಾಡಬಹುದು ಎಂದಲ್ಲ. ಎಂಜಿನಿಯರ್ ಊರಿಗೆ ಬಂದಾಗ ನಿಮ್ಮ ಕೈಯಲ್ಲಿ ಒಂದು ಪುಸ್ತಕ ಇರಬೇಕು. ಅದರಲ್ಲಿ ಅಳತೆ ಇರಬೇಕು, ನಕ್ಷೆ ಇರಬೇಕು, ಊರು ಕೂತು ಮಾಡಿದ ತೀರ್ಮಾನ ಇರಬೇಕು. ಕೊನೆಗೆ ನಮಗೆ ಸಿಗುವುದು ಆ ಪುಸ್ತಕ. ಒಂದು ವರ್ಷದ ಕೆಲಸ ಅಂದುಕೊಳ್ಳಿ.

ಹೆಜ್ಜೆ 1: ಮರಳಿನ ಲೆಕ್ಕ ಅರ್ಥ ಮಾಡಿಕೊಳ್ಳಿ

ಕಡಲ ತೀರವನ್ನು ಬ್ಯಾಂಕ್ ಪಾಸ್‌ಬುಕ್ ಹಾಗೆ ನೋಡಬೇಕು. ಹೊಳೆ ಮರಳು ತಂದು ಹಾಕುತ್ತದೆ, ಅದು ಜಮೆ. ಅಲೆ ಎಳೆದುಕೊಂಡು ಹೋಗುತ್ತದೆ, ಅದು ಖರ್ಚು. ಮಳೆಗಾಲದ ದೊಡ್ಡ ಅಲೆಗಳು ದಂಡೆಯ ಮರಳನ್ನು ಕಿತ್ತು ಸ್ವಲ್ಪ ಆಳಕ್ಕೆ ಒಯ್ದು ದಿಬ್ಬ ಮಾಡಿ ಇಡುತ್ತವೆ. ಆ ದಿಬ್ಬದ ಮೇಲೆಯೇ ಮುಂದಿನ ಅಲೆಗಳು ಒಡೆಯುವುದರಿಂದ ದಂಡೆಗೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ. ಮಳೆಗಾಲ ಮುಗಿದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ನಿಧಾನವಾಗಿ ವಾಪಸ್ ತರುತ್ತವೆ. ಇದು ಪ್ರತಿ ವರ್ಷದ ವ್ಯವಹಾರ. ಇದನ್ನು ಕಡಲ್ಕೊರೆತ ಅನ್ನಬಾರದು. ಹೋದ ಮರಳು ಪೂರ್ತಿ ಬಾರದೆ ವರ್ಷ ವರ್ಷ ಸಾಲ ಬೆಳೆದರೆ ಅದು ಕಡಲ್ಕೊರೆತ.

ಸಾಲ ಯಾಕೆ ಬೆಳೆಯುತ್ತದೆ? ಹೊಳೆಗೆ ಅಣೆಕಟ್ಟು ಹಾಕಿದರೆ ಮರಳು ಅಲ್ಲೇ ನಿಲ್ಲುತ್ತದೆ. ಹೊಳೆಯ ಮರಳು ತೆಗೆದು ಲಾರಿಗೆ ತುಂಬಿದರೆ ಅದು ಕಡಲಿಗೆ ತಲುಪುವುದೇ ಇಲ್ಲ. ಇನ್ನೊಂದು ಕಾರಣ ದಂಡೆಯ ಉದ್ದಕ್ಕೂ ನಡೆಯುವ ಮರಳಿನ ಓಡಾಟ. ಅಲೆ ಓರೆಯಾಗಿ ಬಡಿಯುವುದರಿಂದ ಮರಳು ಒಂದು ಊರಿನಿಂದ ಇನ್ನೊಂದು ಊರಿಗೆ ಸರಿಯುತ್ತಾ ಇರುತ್ತದೆ. ನಡುವೆ ಅಲೆ ತಡೆಯಲು ಕಡಲಿಗೆ ಚಾಚಿದ ಕಲ್ಲಿನ ಗೋಡೆ, ಅಂದರೆ ಬ್ರೇಕ್‌ವಾಟರ್ ಕಟ್ಟಿದರೆ ಒಂದು ಪಕ್ಕದಲ್ಲಿ ಮರಳು ಗುಡ್ಡೆಯಾಗುತ್ತದೆ, ಇನ್ನೊಂದು ಪಕ್ಕ ಬರಿದಾಗುತ್ತದೆ. ಪುದುಚೇರಿಯಲ್ಲಿ 1980ರ ದಶಕದ ಕೊನೆಗೆ ಬಂದರು ಕಟ್ಟಿದ ಮೇಲೆ ಊರ ಮುಂದಿನ ಬೀಚ್ ಹೋಗಿ ಬರೀ ಕಲ್ಲು ಉಳಿದದ್ದು ಹೀಗೆ. ನಮ್ಮಲ್ಲಿ ಉಳ್ಳಾಲದ ಕಥೆಯೂ ಇದಕ್ಕೆ ಹತ್ತಿರದ್ದು. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಸೇರುವ ಅಳಿವೆ ಬಾಗಿಲಿನಲ್ಲಿ ಬ್ರೇಕ್‌ವಾಟರ್ ಬಂದ ಮೇಲೆ ದಕ್ಷಿಣದ ದಂಡೆ ವರ್ಷಗಟ್ಟಲೆ ಏಟು ತಿಂದಿತು.

ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದೆ. ಅದರ ಪ್ರಕಾರ ದೇಶದ ಮುಖ್ಯ ಕರಾವಳಿಯ 33.6% ಭಾಗ ಕೊರೆದುಹೋಗುತ್ತಿದೆ. ಕರ್ನಾಟಕದಲ್ಲಿ ಇದು 23.7%. ಹಾಗಂದರೆ ನಮ್ಮ ದಂಡೆಯ ಮುಕ್ಕಾಲು ಭಾಗ ಒಂದೋ ಗಟ್ಟಿಯಾಗಿದೆ, ಇಲ್ಲವೇ ಬೆಳೆಯುತ್ತಿದೆ. ನಿಮ್ಮ ಊರು ಯಾವ ಲೆಕ್ಕದಲ್ಲಿದೆ ಎಂದು ಗೊತ್ತಾಗಬೇಕಾದರೆ ಅಳೆಯಲೇಬೇಕು.

ಹೆಜ್ಜೆ 2: ಎರಡು ಕೋಲು, ಒಂದು ಹಗ್ಗ

ಈ ಹೆಜ್ಜೆಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಮೊದಲು ಗುರುತಿನ ಜಾಗ ಬೇಕು. ನಾನು ಮೊದಲ ಸಲ ಹೋದಾಗ ಒಂದು ತೆಂಗಿನ ಮರಕ್ಕೆ ಕೆಂಪು ಪೇಂಟ್ ಹಚ್ಚಲು ಹೊರಟಿದ್ದೆ. ಬಲೆ ಹೆಣೆಯುತ್ತಾ ಕೂತಿದ್ದ ಅಜ್ಜ ಒಬ್ಬರು ತಲೆ ಎತ್ತಿ ಕೇಳಿದರು: "ಈ ಮರವೇ ಬಪ್ಪು ವರ್ಷ ಇರುದಿಲ್ಲ ಮಾರಾಯ್ರೆ. ಇದ್ರ ಮೇಲೆ ಗುರ್ತ್ ಮಾಡಿ ಎಂತ ಮಾಡುದು?" ಎರಡು ಮಳೆಗಾಲ ಕಳೆಯುವುದರೊಳಗೆ ಆ ಮರ ಹೋಯಿತು. ಗುರುತು ಹಾಕಬೇಕಾದದ್ದು ಕಡಲು ಸದ್ಯಕ್ಕೆ ಮುಟ್ಟದ ಜಾಗಕ್ಕೆ. ಭಜನಾ ಮಂದಿರದ ಮೂಲೆ, ರಸ್ತೆಯ ಮೋರಿಯ ಕಾಂಕ್ರೀಟ್, ಶಾಲೆಯ ಕಂಪೌಂಡು ಆಗಬಹುದು. ಸುಮಾರು 200 ಮೀಟರಿಗೆ ಒಂದರಂತೆ ಗುರುತು ಮಾಡಿ, ನಂಬರ್ ಕೊಡಿ. ಪ್ರತಿ ಗುರುತಿನಿಂದ ನೇರ ಕಡಲಿಗೆ ಒಂದು ದಿಕ್ಕು ಇಟ್ಟುಕೊಳ್ಳಿ, ಅದನ್ನು ಬದಲಿಸಬೇಡಿ.

ಮೊದಲನೆಯ ಅಳತೆ ಸುಲಭ. ಗುರುತಿನಿಂದ ಗಿಡ ಬಳ್ಳಿಗಳ ಅಂಚಿನವರೆಗೆ ಎಷ್ಟು ಮೀಟರ್ ಎಂದು ಟೇಪು ಹಿಡಿದು ಬರೆಯಿರಿ. ನೀರಿನ ಅಂಚು ಬೇಡ, ಅದು ಗಂಟೆಗೊಮ್ಮೆ ಬದಲಾಗುತ್ತದೆ. ಹಸಿರಿನ ಅಂಚು ಒಂದು ವರ್ಷದ ಕಥೆ ಹೇಳುತ್ತದೆ.

ಎರಡನೆಯದು ದಂಡೆಯ ಇಳಿಜಾರು. ಒಂದೂವರೆ ಮೀಟರ್ ಎತ್ತರದ ಎರಡು ಸಮ ಕೋಲು ಮಾಡಿ. ಎರಡಕ್ಕೂ ತುದಿಯಿಂದ ಕೆಳಗೆ ಸೆಂಟಿಮೀಟರ್ ಗುರುತು ಬರೆಯಿರಿ. ನಡುವೆ ಸರಿಯಾಗಿ 2 ಮೀಟರ್ ಹಗ್ಗ ಕಟ್ಟಿ. ಒಬ್ಬರು ಗುರುತಿನ ಹತ್ತಿರ ನಿಲ್ಲಬೇಕು, ಇನ್ನೊಬ್ಬರು ಹಗ್ಗ ಬಿಗಿಯಾಗುವಷ್ಟು ಕಡಲ ಕಡೆ ಹೋಗಿ ಕೋಲು ನೆಟ್ಟಗೆ ಹಿಡಿಯಬೇಕು. ಈಗ ಹಿಂದಿನವರು ಕಣ್ಣನ್ನು ಮೇಲೆ ಕೆಳಗೆ ಮಾಡುತ್ತಾ ಮುಂದಿನ ಕೋಲಿನ ತುದಿ ಮತ್ತು ದೂರದ ಬಾನಂಚು ಒಂದೇ ಗೆರೆಗೆ ಬರುವ ಹಾಗೆ ನೋಡಬೇಕು. ಆ ಗೆರೆ ತಮ್ಮ ಕೋಲನ್ನು ಎಲ್ಲಿ ಮುಟ್ಟುತ್ತದೆಯೋ ಅಲ್ಲಿನ ಅಂಕಿ ಓದಬೇಕು. 8 ಸೆಂಟಿಮೀಟರ್ ಬಂದರೆ 2 ಮೀಟರಿನಲ್ಲಿ ದಂಡೆ 8 ಸೆಂಟಿಮೀಟರ್ ಇಳಿದಿದೆ ಎಂದರ್ಥ. ಬರೆದುಕೊಂಡು ಮುಂದೆ ಸರಿಯಿರಿ. ಕೆಲವು ಕಡೆ ದಂಡೆ ದಿಬ್ಬವಾಗಿ ಏರಿರುತ್ತದೆ. ಅಲ್ಲಿ ಹಿಂದಿನ ಕೋಲಿನ ತುದಿಯಿಂದ ಬಾನಂಚು ನೋಡಿ, ಮುಂದಿನ ಕೋಲಿನ ಮೇಲೆ ಅಂಕಿ ಓದಿ, ಅದನ್ನು ಏರು ಎಂದು ಬರೆಯಿರಿ. ನೀರಿನ ಅಂಚಿನವರೆಗೆ ಹೀಗೇ ಹೋಗಬೇಕು.

ಹೈಸ್ಕೂಲ್ ಮಕ್ಕಳು ಅರ್ಧ ಗಂಟೆಯಲ್ಲಿ ಇದನ್ನು ಕಲಿಯುತ್ತಾರೆ. ತಿಂಗಳಿಗೆ ಒಂದು ಸಲ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಹತ್ತಿರ, ಇಳಿತದ ಹೊತ್ತಿಗೆ ಮಾಡಿ. ಆಗ ದಂಡೆ ಹೆಚ್ಚು ಬಯಲಾಗಿರುತ್ತದೆ. ಅದೇ ಜಾಗದಲ್ಲಿ ನಿಂತು ಉತ್ತರಕ್ಕೊಂದು, ದಕ್ಷಿಣಕ್ಕೊಂದು ಫೋಟೋ ತೆಗೆಯಿರಿ. ಮಳೆಗಾಲದಲ್ಲಿ ಕಡಲು ಬಿಟ್ಟರೆ ಮಾತ್ರ ಇಳಿಯಿರಿ. ಅಳತೆಗೋಸ್ಕರ ಯಾರೂ ಅಲೆಯ ಬಾಯಿಗೆ ಹೋಗಬೇಕಾಗಿಲ್ಲ.

ಹೆಜ್ಜೆ 3: ಹಳೆಯ ದಂಡೆ ಹುಡುಕಿ

ಅಳತೆ ಇವತ್ತು ಶುರುವಾದರೆ ನಿನ್ನೆಯದು ಎಲ್ಲಿಂದ ತರುವುದು? ಗೂಗಲ್ ಅರ್ಥ್ ಪ್ರೊ ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಹಳೆಯ ವರ್ಷಗಳ ಚಿತ್ರ ನೋಡುವ ವ್ಯವಸ್ಥೆ ಇದೆ. ನಿಮ್ಮ ಗುರುತಿನ ಜಾಗದಿಂದ ಹಸಿರಿನ ಅಂಚಿಗೆ ಗೆರೆ ಎಳೆದು ಅಳೆಯಿರಿ. ಆದಷ್ಟು ಒಂದೇ ತಿಂಗಳ ಚಿತ್ರಗಳನ್ನು ಹೋಲಿಸಿ. ಫೆಬ್ರವರಿಯ ಚಿತ್ರವನ್ನು ಸೆಪ್ಟೆಂಬರಿನ ಚಿತ್ರದ ಪಕ್ಕ ಇಟ್ಟರೆ ಸುಮ್ನೆ ಗಾಬರಿಯಾಗುತ್ತದೆ.

ಉದಾಹರಣೆಗೆ, 2006ರಲ್ಲಿ 64 ಮೀಟರ್ ಇದ್ದದ್ದು 2024ಕ್ಕೆ 46 ಆಗಿದೆ ಅಂದುಕೊಳ್ಳಿ. 18 ವರ್ಷಕ್ಕೆ 18 ಮೀಟರ್, ವರ್ಷಕ್ಕೆ ಒಂದು. ಈ ಸರಾಸರಿಯನ್ನು ಪೂರ್ತಿ ನಂಬಬೇಡಿ. ಕಡಲು ಕಂತಿನಲ್ಲಿ ವಸೂಲಿ ಮಾಡುವುದಿಲ್ಲ. ಐದು ವರ್ಷ ಸುಮ್ಮನಿದ್ದು, 2021ರ ಮೇ ತಿಂಗಳ ತೌಕ್ತೆಯಂಥ ಚಂಡಮಾರುತ ಬಂದಾಗ ಒಂದೇ ರಾತ್ರಿಯಲ್ಲಿ ಬಡ್ಡಿ ಸಮೇತ ತೆಗೆದುಕೊಂಡು ಹೋಗುತ್ತದೆ. ಹಾಗಾಗಿ ಸರಾಸರಿಯ ಪಕ್ಕದಲ್ಲಿ "ಒಂದೇ ಸಲಕ್ಕೆ ಹೋದದ್ದು ಹೆಚ್ಚೆಂದರೆ ಎಷ್ಟು" ಎಂಬುದನ್ನೂ ಬರೆಯಿರಿ.

ಚಿತ್ರ ಸಿಗದ ಕಾಲದ್ದನ್ನು ಹಿರಿಯರಲ್ಲಿ ಕೇಳಿ. "ಮುಂಚೆ ಕಡಲು ದೂರ ಇತ್ತಾ?" ಎಂದು ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಅದರ ಬದಲು "ರಂಪಣಿ ದೋಣಿ ಎಲ್ಲಿ ಎಳೆದು ಇಡುತ್ತಿದ್ದಿರಿ, ಮೀನು ಎಲ್ಲಿ ಒಣಗಿಸುತ್ತಿದ್ದಿರಿ, ಆ ಬಾವಿ ಈಗ ಎಲ್ಲಿದೆ" ಎಂದು ಕೇಳಿ. ಅವರೇ ಎದ್ದು ಬಂದು ಕಾಲಿನಲ್ಲಿ ಗೆರೆ ಎಳೆದು ತೋರಿಸುತ್ತಾರೆ.

ಹೆಜ್ಜೆ 4: ನೆರೆ ಒಂದೇ ಕಡೆಯಿಂದ ಬರುವುದಿಲ್ಲ

ಎಲ್ಲರೂ ಎದುರಿನ ಕಡಲನ್ನೇ ನೋಡುತ್ತಾ ಕೂರುತ್ತಾರೆ. ಪಡುಕೆರೆ, ಕೋಡಿ ಬೆಂಗ್ರೆ, ತೋಟ ಬೆಂಗ್ರೆಯಂಥ ಊರುಗಳಲ್ಲಿ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ. ಮರವಂತೆಯಲ್ಲಂತೂ ಕಡಲು ಮತ್ತು ಸೌಪರ್ಣಿಕಾ ನಡುವೆ ಹೆದ್ದಾರಿಗೇ ಸರಿಯಾಗಿ ಜಾಗವಿಲ್ಲ. ಇಂಥ ಕಡೆ ನೀರು ಹಿಂದಿನ ಬಾಗಿಲಿನಿಂದ ಬರುವುದೇ ಜಾಸ್ತಿ. ಘಟ್ಟದಲ್ಲಿ ಮಳೆ ಸುರಿಯುತ್ತಿರುತ್ತದೆ, ಹೊಳೆ ತುಂಬಿರುತ್ತದೆ, ಅದೇ ಹೊತ್ತಿಗೆ ಕಡಲಿನಲ್ಲಿ ಭರತ, ಅಂದರೆ ಉಬ್ಬರ. ಹೊಳೆಯ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲ. ಅಂಗಳಕ್ಕೆ ಬರುತ್ತದೆ.

ಇನ್ನೊಂದು ಕಳ್ಳ ನೀರು. ಗಾಳಿ ಇರುವುದಿಲ್ಲ, ಮೋಡ ಇರುವುದಿಲ್ಲ, ಆದರೂ ಕಡಲು ಏರಿ ದಂಡೆ ಹತ್ತುತ್ತದೆ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಪ್ರಯಾಣ ಮಾಡಿ ಇಲ್ಲಿಗೆ ಬರುತ್ತವೆ. ಕೇರಳದಲ್ಲಿ ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. 2024ರ ಮಾರ್ಚ್ 31ರಂದು ಅಲ್ಲಿ ಹಲವು ಊರುಗಳಿಗೆ ಹೀಗೇ ನೀರು ನುಗ್ಗಿತು.

ಮಾಡಬೇಕಾದದ್ದು ಇಷ್ಟು. ಹಿಂದಿನ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಮನೆ ಮನೆಗೆ ಹೋಗಿ ಕೇಳಿ, ಗೋಡೆಯ ಮೇಲೆ ಗೆರೆ ಎಳೆದು ವರ್ಷ ಬರೆಯಿರಿ. ನೀರು ಯಾವ ಕಡೆಯಿಂದ ಬಂತು, ಎಷ್ಟು ಗಂಟೆ ನಿಂತಿತು, ಬಾವಿ ಉಪ್ಪಾಯಿತಾ, ಸರಿಯಾಗಲು ಎಷ್ಟು ದಿನ ಬೇಕಾಯಿತು, ಇಷ್ಟನ್ನೂ ಬರೆಯಿರಿ. ಆಮೇಲೆ ತೋಡುಗಳ ಉದ್ದಕ್ಕೂ ನಡೆಯಿರಿ. ಎಲ್ಲಿ ಮೋರಿ ಕಟ್ಟಿಕೊಂಡಿದೆ, ಎಲ್ಲಿ ಗದ್ದೆಗೆ ಮಣ್ಣು ತುಂಬಿಸಿ ಸೈಟ್ ಮಾಡಿದ್ದಾರೆ, ಎಲ್ಲಿ ಹೊಸ ರಸ್ತೆ ಎತ್ತರವಾಗಿ ಅಣೆಕಟ್ಟಿನ ಹಾಗೆ ನಿಂತಿದೆ, ನೋಡಿ. ನನ್ನ ಅನುಭವದಲ್ಲಿ ಅರ್ಧ ನೆರೆಗೆ ಕಾರಣ ಕಡಲಲ್ಲ, ಮೋರಿ.

ಇನ್ನು ಕಡಲ ಮಟ್ಟದ ವಿಷಯ. 1901ರಿಂದ 2018ರ ನಡುವೆ ಜಗತ್ತಿನ ಕಡಲ ಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. 2006ರಿಂದ 2018ರವರೆಗೆ ವರ್ಷಕ್ಕೆ 3.7 ಮಿಲಿಮೀಟರ್ ವೇಗದಲ್ಲಿ ಏರಿತು. ಇದೇ ವೇಗ ಇದ್ದರೂ 30 ವರ್ಷಕ್ಕೆ 11 ಸೆಂಟಿಮೀಟರ್. ವೇಗ ಹೆಚ್ಚುತ್ತಲೂ ಇದೆ. ಇದನ್ನು ನಿಮ್ಮ ಕೋಲಿನ ಲೆಕ್ಕಕ್ಕೆ ಸೇರಿಸಿ. 40 ಮೀಟರಿನಲ್ಲಿ ದಂಡೆ 1.6 ಮೀಟರ್ ಇಳಿದಿದ್ದರೆ ಇಳಿಜಾರು 25ಕ್ಕೆ 1. ಅಂದರೆ 11 ಸೆಂಟಿಮೀಟರ್ ಏರಿದರೆ ನೀರಿನ ಅಂಚು ಸುಮಾರು 2.75 ಮೀಟರ್ ಒಳಗೆ ಬರುತ್ತದೆ. ಇಷ್ಟೇನಾ ಅನ್ನಿಸಬಹುದು. ಇದು ತಟ್ಟೆಯಲ್ಲಿ ನೀರು ಏರಿದ ಲೆಕ್ಕ ಮಾತ್ರ. ಏರಿದ ನೀರಿನ ಮೇಲೆ ನಿಂತ ಅಲೆ ದಂಡೆಯ ಇನ್ನೂ ಮೇಲಕ್ಕೆ ಕೈ ಹಾಕುತ್ತದೆ. ಹಾಗಾಗಿ ನಿಜವಾದ ಕೊರೆತ ಇದಕ್ಕಿಂತ ಎಷ್ಟೋ ಜಾಸ್ತಿ.

ಹೆಜ್ಜೆ 5: ದಂಡೆಯನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ತೀರ್ಮಾನ

ಇಂಗ್ಲೆಂಡ್ ಮತ್ತು ವೇಲ್ಸ್‌ನ ಇಡೀ ಕರಾವಳಿಗೆ 22 ಯೋಜನೆಗಳಿವೆ. ಅವುಗಳಲ್ಲಿ ದಂಡೆಯ ಪ್ರತಿ ತುಂಡಿಗೂ ನಾಲ್ಕರಲ್ಲಿ ಒಂದು ತೀರ್ಮಾನ ಬರೆದಿಟ್ಟಿದ್ದಾರೆ: ಈಗಿನ ಗೆರೆಯನ್ನೇ ಹಿಡಿದು ನಿಲ್ಲುವುದು, ಗೆರೆಯನ್ನು ಕಡಲಿನ ಕಡೆ ತಳ್ಳುವುದು, ಯೋಚನೆ ಮಾಡಿ ಹಿಂದೆ ಸರಿಯುವುದು, ಏನೂ ಮಾಡದೆ ಬಿಡುವುದು. ಅದೂ ಮೂರು ಅವಧಿಗೆ ಬೇರೆ ಬೇರೆ: ಮೊದಲ 20 ವರ್ಷ, 50ರವರೆಗೆ, 100ರವರೆಗೆ. ಇವತ್ತು ಗೋಡೆ, 50 ವರ್ಷದ ಮೇಲೆ ಗೋಡೆ ಬೇಡ ಎಂದು ಇವತ್ತೇ ಬರೆಯುವ ಧೈರ್ಯ ಅದರಲ್ಲಿದೆ. ಅಲ್ಲಿಯೂ ಜಗಳ ಇದೆ, ಮನೆ ಕಳೆದುಕೊಳ್ಳುವವರ ಸಿಟ್ಟು ಇದೆ. ಆದರೆ ಯಾರ ಮನೆಗೆ ಯಾವಾಗ ಏನು ಎಂಬುದು ಕಾಗದದ ಮೇಲೆ ಇದೆ.

ನಮ್ಮ ಊರಿಗೂ ಇದನ್ನೇ ಮಾಡಬಹುದು. ನಕ್ಷೆ ಹಾಸಿಕೊಂಡು ಕೂತು ತುಂಡು ಮಾಡಿ. ಅಳಿವೆಯ ಹತ್ತಿರ ನೀರಿಗೆ ಚಾಚಿದ ಮರಳು ಕೋಡಿ ಒಂದು, ಮನೆಗಳ ಸಾಲು ಒಂದು, ಗಾಳಿ ಮರದ ತೋಪು ಒಂದು, ಬೋಟು ನಿಲ್ಲುವ ದಕ್ಕೆ ಒಂದು. ಪ್ರತಿ ತುಂಡಿನಲ್ಲೂ ಏನೇನಿದೆ ಎಂದು ಪಟ್ಟಿ ಮಾಡಿ: ಮನೆ ಎಷ್ಟು, ಸ್ಮಶಾನ, ದೈವಸ್ಥಾನ, ಮಸೀದಿ, ಕುಡಿಯುವ ನೀರಿನ ಬಾವಿ, ಟ್ರಾನ್ಸ್‌ಫಾರ್ಮರ್, ದೋಣಿ ಎಳೆಯುವ ಜಾಗ, ಆಮೆ ಮೊಟ್ಟೆ ಇಡುವ ಜಾಗ. ಅಳತೆಯ ಅಂಕಿ ಪಕ್ಕದಲ್ಲಿರಲಿ.

ಅಳಿವೆಯ ಪಕ್ಕದ ಕೋಡಿಯ ಬಗ್ಗೆ ಒಂದು ಮಾತು. ಅಲ್ಲಿ ಗೆರೆ ಹಿಡಿದು ನಿಲ್ಲಲು ಹೋಗಬೇಡಿ. ಹೊಳೆಯ ಬಾಯಿ ಉತ್ತರಕ್ಕೆ ದಕ್ಷಿಣಕ್ಕೆ ಸರಿಯುವುದು ಅದರ ಸ್ವಭಾವ. ಕೋಡಿಯ ತುದಿಯಲ್ಲಿ ರೆಸಾರ್ಟ್ ಕಟ್ಟಿ ಆಮೇಲೆ ಗೋಡೆ ಕೇಳುವವರನ್ನು ನೋಡಿದರೆ ನನಗೆ ಕನಿಕರ ಬರುವುದಿಲ್ಲ.

ಹೆಜ್ಜೆ 6: ಕಲ್ಲಿನ ಗೋಡೆ ಬರುವುದಾದರೆ ಕೇಳಬೇಕಾದ ಪ್ರಶ್ನೆಗಳು

ಗೋಡೆ ಬೇಡವೇ ಬೇಡ ಎನ್ನುವವನಲ್ಲ ನಾನು. ಹಿಂದೆ ಹೆದ್ದಾರಿಯೋ ನೂರು ಮನೆಯೋ ಇದ್ದು, ಸರಿಯಲು ಜಾಗ ಇಲ್ಲದಿದ್ದರೆ ಗೋಡೆ ಬೇಕಾಗುತ್ತದೆ. ಆದರೆ ಗೋಡೆ ಕಾಯುವುದು ತನ್ನ ಹಿಂದಿನ ನೆಲವನ್ನು, ಮುಂದಿನ ಮರಳನ್ನಲ್ಲ. ಅಲೆ ಗೋಡೆಗೆ ಬಡಿದು ವಾಪಸ್ ಹೋಗುವಾಗ ಮುಂದಿನ ಮರಳನ್ನು ಕೆರೆದುಕೊಂಡು ಹೋಗುತ್ತದೆ. ಗೋಡೆ ಮುಗಿಯುವ ಕಡೆ ಪಕ್ಕದ ಮನೆಯವರ ಜಾಗದಲ್ಲಿ ಕೊರೆತ ಶುರುವಾಗುತ್ತದೆ.

ಮೊದಲ ಪ್ರಶ್ನೆ: ಕಲ್ಲಿನ ತೂಕ ಎಷ್ಟು, ಯಾವ ಎತ್ತರದ ಅಲೆಗೆ ಲೆಕ್ಕ ಹಾಕಿದ್ದು? ಅಲೆಯ ಎತ್ತರ ಎರಡು ಪಟ್ಟಾದರೆ ಕಲ್ಲಿನ ತೂಕ ಎರಡು ಪಟ್ಟಾದರೆ ಸಾಲದು, 8 ಪಟ್ಟು ಬೇಕು. ಮುಂದಿನ ಮರಳು ಕೆರೆದು ಆಳ ಹೆಚ್ಚಾದ ಹಾಗೆ ದೊಡ್ಡ ಅಲೆಯೇ ಗೋಡೆಯವರೆಗೆ ಬರುತ್ತದೆ. ನಿನ್ನೆ ಸಾಕಾಗಿದ್ದ ಕಲ್ಲು ಇವತ್ತು ಉರುಳುವುದು ಇದಕ್ಕೇ.

ಎರಡನೆಯದು: ದೊಡ್ಡ ಕಲ್ಲಿನ ಕೆಳಗೆ ಏನು ಹಾಸುತ್ತೀರಿ? ಸಣ್ಣ ಕಲ್ಲಿನ ಪದರ ಅಥವಾ ಜಿಯೋಟೆಕ್ಸ್‌ಟೈಲ್ ಬಟ್ಟೆ ಇಲ್ಲದೆ ನೇರ ಮರಳಿನ ಮೇಲೆ ಕಲ್ಲು ಸುರಿದರೆ ಸಂದಿಯಿಂದ ಮರಳು ಸೋರಿ ಕಲ್ಲು ಹೂತುಹೋಗುತ್ತದೆ. "ಕಡಲು ಕಲ್ಲು ನುಂಗಿತು" ಎಂದು ಹೇಳುವುದು ಎಷ್ಟೋ ಸಲ ಇದನ್ನೇ. ಮೂರನೆಯದು: ಬುಡ ಎಷ್ಟು ಆಳಕ್ಕೆ ಇಳಿಯುತ್ತದೆ? ನಾಲ್ಕನೆಯದು: ಎರಡು ತುದಿಗಳಲ್ಲಿ ಏನು ಮಾಡುತ್ತೀರಿ, ಪಕ್ಕದ ಊರಿನವರನ್ನು ಕೇಳಿದ್ದೀರಾ? ಐದನೆಯದು: ದೋಣಿ ಎಳೆಯಲು ದಾರಿ ಎಲ್ಲಿ? ಆರನೆಯದನ್ನು ಯಾರೂ ಕೇಳುವುದಿಲ್ಲ: ಐದು ವರ್ಷದ ಮೇಲೆ ರಿಪೇರಿಗೆ ದುಡ್ಡು ಯಾರ ಲೆಕ್ಕದಲ್ಲಿದೆ?

ಗೋಡೆ ಅಲ್ಲದ ದಾರಿಗಳೂ ಇವೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದಲ್ಲಿ ದಂಡೆಯಿಂದ ದೂರ, ನೀರಿನ ಒಳಗೆ ಎರಡು ರೀಫ್, ಅಂದರೆ ಕೃತಕ ದಿಬ್ಬ ಕಟ್ಟಿದರು. ಅಲೆ ಅಲ್ಲೇ ಒಡೆದು ಅರ್ಧ ಸುಸ್ತಾಗಿ ದಂಡೆಗೆ ಬರಲಿ ಎಂಬುದು ಯೋಚನೆ. ಮರವಂತೆಯಲ್ಲಿ ದಂಡೆಯಿಂದ ಕಡಲಿಗೆ ಚಾಚಿದ ಅಡ್ಡಗಟ್ಟೆಗಳನ್ನು, ಅಂದರೆ ಗ್ರಾಯ್ನ್‌ಗಳನ್ನು ಹಾಕಿದರು, ನಡುವೆ ಮರಳು ನಿಲ್ಲಲಿ ಎಂದು. ಇಂಥ ಯಾವುದೇ ಕೆಲಸ ಬಂದರೂ ನಿಮ್ಮ ಕೋಲು ಹಿಡಿದು ಎರಡೂ ಪಕ್ಕದ ಊರುಗಳಲ್ಲಿ ಅಳೆಯಿರಿ. ಉಳ್ಳಾಲದ ಕೆಲಸದ ಆಮೇಲೆ ದಕ್ಷಿಣದ ಸೋಮೇಶ್ವರ, ಉಚ್ಚಿಲದ ಕಡೆಯಿಂದ ಕೊರೆತದ ಸುದ್ದಿ ಬರುತ್ತಲೇ ಇತ್ತು. ಮುಂಚಿನ ಅಳತೆ ಊರಿನವರ ಹತ್ತಿರ ಇದ್ದರೆ ವಾದಕ್ಕೆ ಜಾಗವೇ ಇರುವುದಿಲ್ಲ, ಅಲ್ವಾ?

ನೆದರ್ಲೆಂಡ್ಸ್‌ನವರು 1990ರಿಂದ ಗೆರೆ ಹಿಡಿಯುವುದು ಮುಖ್ಯವಾಗಿ ಮರಳಿನಿಂದಲೇ. ವರ್ಷಕ್ಕೆ ಸುಮಾರು 120 ಲಕ್ಷ ಘನ ಮೀಟರ್ ಮರಳನ್ನು ಕಡಲ ತಳದಿಂದ ತೆಗೆದು ದಂಡೆಗೆ ಹಾಕುತ್ತಾರೆ. ಒಂದು ಟಿಪ್ಪರಿಗೆ 10 ಘನ ಮೀಟರ್ ಎಂದರೂ 12 ಲಕ್ಷ ಲೋಡು. ಅಷ್ಟು ದುಡ್ಡು ನಮ್ಮಲ್ಲಿಲ್ಲ. ಆದರೆ ದಕ್ಕೆ, ಅಳಿವೆಗಳಲ್ಲಿ ಹೂಳೆತ್ತುವ ಕೆಲಸ ನಮ್ಮಲ್ಲೂ ನಡೆಯುತ್ತದೆ. ಆ ಹೂಳಿನಲ್ಲಿ ಒಳ್ಳೆಯ ದಪ್ಪ ಮರಳು ಇದ್ದರೆ ಅದು ಪಕ್ಕದ ಬರಿದಾದ ದಂಡೆಗೆ ಬರಲಿ ಎಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ. ಕೆಸರು ಬೇಡ, ಮರಳು ಮಾತ್ರ. ಇದು ನನ್ನ ಪ್ರಕಾರ ನಮ್ಮ ಕರಾವಳಿಯಲ್ಲಿ ಅತ್ಯಂತ ಕಡಿಮೆ ಬಳಸಿದ ಉಪಾಯ.

ಹೆಜ್ಜೆ 7: ಗಿಡ ನೆಡುವುದು, ಆದರೆ ಸರಿಯಾದ ಜಾಗದಲ್ಲಿ

ಪ್ರತಿ ಜೂನ್ 5ಕ್ಕೆ ಪರಿಸರ ದಿನ ಎಂದು ಯಾರಾದರೂ ಬೀಚಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ನೆಡಲು ಬರುತ್ತಾರೆ. ಕಾಂಡ್ಲಾ ಬೆಳೆಯುವುದು ಅಳಿವೆಯ ಒಳಗೆ, ಹೊಳೆಯ ಕೆಸರಿನಲ್ಲಿ. ತೆರೆದ ಕಡಲಿನ ಅಲೆಗೆ ಅದು ಒಂದು ವಾರವೂ ನಿಲ್ಲುವುದಿಲ್ಲ. ಹೊಳೆಯ ಬದಿಯಲ್ಲಿ ಮಾತ್ರ ಅದಕ್ಕಿಂತ ಒಳ್ಳೆಯ ಕಾವಲುಗಾರ ಇಲ್ಲ.

ತೆರೆದ ದಂಡೆಗೆ ಬೇಕಾದದ್ದು ಮರಳು ಹಿಡಿಯುವ ಬಳ್ಳಿ ಮತ್ತು ಹುಲ್ಲು. ನೇರಳೆ ಹೂ ಬಿಡುವ ಅಡುಂಬು ಬಳ್ಳಿ, ಮುಳ್ಳು ಚೆಂಡಿನಂತೆ ಗಾಳಿಗೆ ಉರುಳುವ ರಾವಣನ ಮೀಸೆ. ಇವು ಗಾಳಿಯಲ್ಲಿ ಬರುವ ಮರಳನ್ನು ತಡೆದು ದಿಬ್ಬ ಕಟ್ಟುತ್ತವೆ. ದಿಬ್ಬ ಅಂದರೆ ಮಳೆಗಾಲಕ್ಕೆ ಇಟ್ಟ ಉಳಿತಾಯ. ಅದರ ಹಿಂದೆ ಕೇದಗೆ, ಅದರ ಹಿಂದೆ ಸುರಹೊನ್ನೆ. ಗಾಳಿ ಮರ ಗಾಳಿಗೆ ಸರಿ, ಕೊರೆತಕ್ಕೆ ಅಲ್ಲ. ಅದರ ಬುಡದ ಮರಳು ಹೋದರೆ ಮರವೇ ಮಗುಚುತ್ತದೆ. ದಿಬ್ಬವನ್ನು ಜೆಸಿಬಿಯಲ್ಲಿ ಸಮ ಮಾಡಿ ಪಾರ್ಕಿಂಗ್ ಮಾಡಲು ಯಾರಾದರೂ ಬಂದರೆ ತಡೆಯಿರಿ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದಲ್ಲೇ ಅದಕ್ಕೆ ನಿಷೇಧ ಇದೆ.

ಅಘನಾಶಿನಿ ಕಡೆಯ ಗಜನಿ ಗದ್ದೆಗಳನ್ನು ಒಮ್ಮೆ ಹೋಗಿ ನೋಡಿ ಬನ್ನಿ. ಕಟ್ಟೆ ಕಟ್ಟಿ, ಬಾಗಿಲು ಇಟ್ಟು, ಬೇಕಾದಾಗ ನೀರು ಬಿಟ್ಟು ಬೇಡವಾದಾಗ ತಡೆಯುವ ವ್ಯವಸ್ಥೆ. ಮಳೆಗಾಲದಲ್ಲಿ ಕಗ್ಗ ಭತ್ತ, ಉಳಿದ ಕಾಲದಲ್ಲಿ ಮೀನು, ಸಿಗಡಿ. ಕಗ್ಗ ಉಪ್ಪು ನೀರಿಗೂ ತಾಳುತ್ತದೆ, ನೆರೆಗೂ ತಾಳುತ್ತದೆ. ನೀರು ಬಂದು ಹೋಗಲು ಜಾಗ ಬಿಟ್ಟ ಊರಿನ ಮನೆಗಳಿಗೆ ನೆರೆಯ ಒತ್ತಡ ಕಡಿಮೆ.

ಹೆಜ್ಜೆ 8: ಸರಿಯುವ ಮಾತು

ಇದು ಕಷ್ಟದ ಹೆಜ್ಜೆ. ಸಭೆಯಲ್ಲಿ ಮೊದಲು ಇದನ್ನೇ ಎತ್ತಿದರೆ ಕುರ್ಚಿ ಹಾರುತ್ತದೆ. ಅಳತೆ ತೋರಿಸಿದ ಮೇಲೆ ಮಾತಾಡಿ.

ಒಳ್ಳೆಯ ಕ್ರಮ ಎಂದರೆ ದಿನಾಂಕ ಇಡದೆ ದೂರ ಇಡುವುದು. ಉದಾಹರಣೆಗೆ, ಹಸಿರಿನ ಅಂಚು ಮನೆಯ ಜಗಲಿಗೆ 30 ಮೀಟರ್ ಹತ್ತಿರ ಬಂದರೆ ಆ ಕುಟುಂಬಕ್ಕೆ ಬದಲಿ ಜಾಗ ಹುಡುಕುವ ಕೆಲಸ ಶುರು. 20 ಮೀಟರಿಗೆ ಬಂದರೆ ಜಾಗ ಮಂಜೂರಾಗಿರಬೇಕು. 10 ಮೀಟರಿಗೆ ಬಂದರೆ ಮಳೆಗಾಲದಲ್ಲಿ ಆ ಮನೆಯಲ್ಲಿ ಮಲಗುವ ಹಾಗಿಲ್ಲ. ಅಂಕಿ ನಿಮ್ಮ ಊರಿನ "ಒಂದೇ ಸಲಕ್ಕೆ ಹೋದದ್ದು ಹೆಚ್ಚೆಂದರೆ ಎಷ್ಟು" ನೋಡಿ ಇಟ್ಟುಕೊಳ್ಳಿ. ಹೀಗೆ ಮಾಡಿದರೆ "ನಿಮ್ಮನ್ನು ಓಡಿಸುತ್ತಿದ್ದೇವೆ" ಎಂಬ ಮಾತು ಬರುವುದಿಲ್ಲ. ಕಡಲು ಬಾರದಿದ್ದರೆ ಯಾರೂ ಸರಿಯಬೇಕಾಗಿಲ್ಲ.

ಕೇರಳದ ಪುನರ್ಗೇಹಂ ಯೋಜನೆ ಕಡಲಿನಿಂದ 50 ಮೀಟರ್ ಒಳಗಿನ 18,685 ಕುಟುಂಬಗಳನ್ನು ಲೆಕ್ಕ ಹಾಕಿ, ಒಂದು ಕುಟುಂಬಕ್ಕೆ 10 ಲಕ್ಷ ರೂಪಾಯಿ ಇಟ್ಟಿತು. ಒಡಿಶಾದ ಸತಭಾಯದಿಂದ ಕುಟುಂಬಗಳನ್ನು ಬಾಗಪಟಿಯಾ ಕಾಲನಿಗೆ ಸ್ಥಳಾಂತರಿಸಿದರು. ಎರಡೂ ಕಡೆ ಒಂದು ಪಾಠ ಇದೆ. ಮನೆ ಮಾತ್ರ ಕೊಟ್ಟರೆ ಸಾಲದು. ಮೀನುಗಾರನಿಗೆ ಕಡಲು ಕಾಣಬೇಕು, ದೋಣಿ ಬಲೆ ಇಡಲು ಜಾಗ ಬೇಕು, ಮೀನು ಒಣಗಿಸುವ ಹೆಂಗಸರಿಗೆ ಅಂಗಳ ಬೇಕು, ಬೆಳಗಿನ ಜಾವ ನಡೆದು ಬರುವಷ್ಟು ಹತ್ತಿರ ಇರಬೇಕು. ನಾಲ್ಕು ಕಿಲೋಮೀಟರ್ ದೂರದ ಫ್ಲಾಟಿಗೆ ಯಾರು ಹೋಗುತ್ತಾರೆ? ಹಾಗಾಗಿ ಹತ್ತಿರದ ಸರ್ಕಾರಿ ಜಾಗ ಎಷ್ಟಿದೆ ಎಂದು ಈಗಲೇ ಪಟ್ಟಿ ಮಾಡಿ, ಅದನ್ನು ಬೇರೆಯದಕ್ಕೆ ಕೊಡಬಾರದು ಎಂದು ನಿರ್ಣಯ ಮಾಡಿ.

ಹೆಜ್ಜೆ 9: ಕಾಗದ

2019ರ ಸಿಆರ್‌ಝಡ್ ಅಧಿಸೂಚನೆಯ ನಕ್ಷೆ ತರಿಸಿಕೊಳ್ಳಿ. ಹಳ್ಳಿ ಪ್ರದೇಶದಲ್ಲಿ ಎರಡು ಬಗೆ ಇದೆ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇದ್ದರೆ ಉಬ್ಬರ ರೇಖೆಯಿಂದ 50 ಮೀಟರ್ ಒಳಗೆ ಸಾಮಾನ್ಯವಾಗಿ ಹೊಸ ಕಟ್ಟಡ ಇಲ್ಲ. ಜನ ಕಡಿಮೆ ಇದ್ದರೆ 200 ಮೀಟರ್. ನಕ್ಷೆಯಲ್ಲಿ ಇನ್ನೊಂದು ಗೆರೆ ಇರುತ್ತದೆ, ಅಪಾಯ ರೇಖೆ. ಮುಂದಿನ ಕೊರೆತ, ನೆರೆ, ಕಡಲ ಮಟ್ಟದ ಏರಿಕೆ ಎಲ್ಲ ಸೇರಿಸಿ ಎಳೆದದ್ದು. ಕಟ್ಟಡಕ್ಕೆ ಅದು ನಿರ್ಬಂಧ ಅಲ್ಲ. ಆದ್ದರಿಂದಲೇ ಯಾರೂ ನೋಡುವುದಿಲ್ಲ. ನೀವು ನೋಡಿ. 50 ಮೀಟರ್ ದಾಟಿದ ಕೂಡಲೇ ಶಾಲೆ, ಅಂಗನವಾಡಿ ಕಟ್ಟಬಹುದು ಎಂದು ನಿಯಮ ಹೇಳಿದರೂ ಅಪಾಯ ರೇಖೆಯ ಒಳಗೆ ಕಟ್ಟಬೇಡಿ.

ಊರಿನ ಪುಸ್ತಕವನ್ನು ಗ್ರಾಮಸಭೆಯಲ್ಲಿ ಓದಿ ನಿರ್ಣಯ ಮಾಡಿಸಿ, ಪಂಚಾಯತ್‌ನ ಅಭಿವೃದ್ಧಿ ಯೋಜನೆಯಾದ "ನಮ್ಮ ಗ್ರಾಮ ನಮ್ಮ ಯೋಜನೆ"ಯಲ್ಲಿ ಸೇರಿಸಿ. ಪ್ರತಿಗಳು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಗೆ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಹೋಗಲಿ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಕೊರೆತ ತಡೆಯಲು 1,500 ಕೋಟಿ, ಕೊರೆತದಿಂದ ಜಾಗ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಇಂಥ ಬಾಬತ್ತಿನ ದುಡ್ಡು ಕೇಳಲು ಅಳತೆ ಇರುವ ಅರ್ಜಿಗೂ ಬರೀ ಫೋಟೋ ಇರುವ ಅರ್ಜಿಗೂ ತುಂಬಾ ವ್ಯತ್ಯಾಸ ಇದೆ.

ಹೆಜ್ಜೆ 10: ವರ್ಷದ ಕ್ಯಾಲೆಂಡರ್

ಏಪ್ರಿಲ್‌ನಲ್ಲಿ ತೋಡು, ಮೋರಿ ಕ್ಲೀನ್ ಮಾಡಿಸಿ. ಮೇ ತಿಂಗಳಲ್ಲಿ ಮಳೆಗಾಲಕ್ಕೆ ಮುಂಚಿನ ಅಳತೆ. ಅದೇ ವಾರ ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಬಸುರಿಯರಿದ್ದಾರೆ, ಯಾರ ಗಾಡಿಯಲ್ಲಿ ಕರೆದುಕೊಂಡು ಹೋಗುವುದು ಎಂದು ಪಟ್ಟಿ ಮಾಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಬೋಟಿನವರು ಮನೆಯಲ್ಲಿರುತ್ತಾರೆ, ಸಭೆ ಮಾಡಲು ಒಳ್ಳೆಯ ಸಮಯ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಎತ್ತರದ ಅಲೆ ಮತ್ತು ದೂರದ ಅಲೆಯ ಮುನ್ಸೂಚನೆ ಕೊಡುತ್ತದೆ. ಅದನ್ನು ನೋಡಿ ಊರಿನ ವಾಟ್ಸಾಪ್ ಗುಂಪಿಗೆ ಕನ್ನಡದಲ್ಲಿ ಹಾಕಲು ಇಬ್ಬರನ್ನು ನೇಮಿಸಿ. ಒಬ್ಬರು ಸಾಲದು, ಅವರಿಗೆ ಜ್ವರ ಬಂದ ದಿನವೇ ಕಡಲು ಏರುತ್ತದೆ. ಎಚ್ಚರಿಕೆ ಬಂದ ದಿನ ಭರತದ ಹೊತ್ತು ಯಾವುದು ಎಂದು ನೋಡಿ, ಅದಕ್ಕೆ ಎರಡು ಗಂಟೆ ಮೊದಲೇ ದೋಣಿ ಮೇಲಕ್ಕೆ ಎಳೆದಿರಬೇಕು. ಜಿಲ್ಲಾ ಕಂಟ್ರೋಲ್ ರೂಮಿನ ನಂಬರ್ 1077 ಪ್ರತಿ ಮನೆಯ ಗೋಡೆಯಲ್ಲಿರಲಿ.

ನಡುವೆ ಕೆಲವು ತಿಂಗಳ ಅಳತೆ ತಪ್ಪಿದರೂ ಅಕ್ಟೋಬರ್‌ನಲ್ಲಿ ತಪ್ಪದೆ ಮತ್ತೆ ಅಳೆಯಿರಿ. ಫೆಬ್ರವರಿಯಲ್ಲಿ ಇನ್ನೊಂದು ಸಲ. ಮೇ ಮತ್ತು ಅಕ್ಟೋಬರಿನ ವ್ಯತ್ಯಾಸ ಮಳೆಗಾಲದ ಖರ್ಚು, ಅಕ್ಟೋಬರ್ ಮತ್ತು ಫೆಬ್ರವರಿಯ ವ್ಯತ್ಯಾಸ ವಾಪಸ್ ಬಂದದ್ದು. ಈ ಎರಡು ಅಂಕಿಗಳನ್ನು ದೊಡ್ಡದಾಗಿ ಬರೆದು ಪಂಚಾಯತ್ ಕಚೇರಿಯ ಹೊರಗಿನ ಬೋರ್ಡಿಗೆ ಹಚ್ಚಿ. ನಮ್ಮಲ್ಲಿ ಮೊದಲ ವರ್ಷ ಹಚ್ಚಿದಾಗ ಯಾರೂ ನೋಡಲಿಲ್ಲ. ಎರಡನೇ ವರ್ಷ ಬಲೆ ಹೆಣೆಯುತ್ತಿದ್ದ ಅದೇ ಅಜ್ಜ ಬಂದು, ಮೂರನೇ ನಂಬರಿನ ಗುರುತಿನಲ್ಲಿ ಅಂಕಿ ತಪ್ಪಾಗಿದೆ, ಅಲ್ಲಿ ಅಷ್ಟು ಮರಳು ವಾಪಸ್ ಬಂದಿಲ್ಲ ಎಂದು ಜಗಳ ಮಾಡಿದರು. ಹೋಗಿ ಮತ್ತೆ ಅಳೆದೆವು. ತಪ್ಪು ನಮ್ಮದೇ, ಹಗ್ಗ ಒದ್ದೆಯಾಗಿ ಹಿಗ್ಗಿತ್ತು. ಈಗ ನೈಲಾನ್ ಹಗ್ಗ ಬಿಟ್ಟು ತೆಳು ಸ್ಟೀಲ್ ತಂತಿ ಕಟ್ಟಿದ್ದೇವೆ.